ಡಿಂಗ್ ಬಂತು, ಡಾಂಗ್ ಬರಲಿಲ್ಲ: ಮೇಗರವಳ್ಳಿ ಕಡೆಯ ಒಂದು ಹಳೇ ಬೆಲ್ಲಿನ ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಆಸುಪಾಸಿನ ಒಂದು ತೋಟದ ಮನೆ. ಹಿಂದೆ ದಣಪೆ ಇದ್ದ ಜಾಗದಲ್ಲಿ ಈಗ ಕಬ್ಬಿಣದ ಗೇಟಿದೆ. ಗೇಟಿನ ಜಂಬಿಟ್ಟಿಗೆ ಕಂಬದಲ್ಲಿ ಬೆಲ್ಲಿನ ಗುಂಡಿ. ಅಲ್ಲಿಂದ ಅಂಗಳ ದಾಟಿ ಜಗಲಿವರೆಗೆ ಸುಮಾರು 35 ಮೀಟರ್ ದೂರ. ಬೆಲ್ ಇರುವುದು ನಡುಮನೆಯ ಗೋಡೆಯಲ್ಲಿ. ಲೈನಿನ 230 ವೋಲ್ಟನ್ನು ಕಡಿಮೆ ವೋಲ್ಟಿಗೆ ಇಳಿಸಿ ಅದಕ್ಕೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಅಟ್ಟದ ತೊಲೆಗೆ ಹೊಡೆದ ಮರದ ಹಲಗೆ ಮೇಲೆ.

ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾದರೂ ಈ ಕಡೆಯ ಒಂಟಿ ಮನೆಗಳಿಗೆ ತಂತಿ ಬಂದಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಈ ಮನೆಯಲ್ಲಿ ಆಗ ಮಾಡಿಸಿದ ವೈರಿಂಗ್ ಅರ್ಧ ಹಾಗೇ ಉಳಿದಿದೆ. ಮರದ ರೀಪರ್ ಮೇಲೆ ಸಾಲಾಗಿ ಕ್ಲಿಪ್ ಹೊಡೆದು ಎಳೆದ ತಂತಿ, ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಬೆಲ್ ಕೂಡ ಹಳೆಯದೇ. ಎರಡು ಲೋಹದ ಪಟ್ಟಿ, ನಡುವೆ ತಾಮ್ರದ ಕಾಯಿಲ್, ಕಾಯಿಲ್ ಒಳಗೆ ಸ್ಪ್ರಿಂಗ್ ಹಾಕಿದ ಒಂದು ಕಬ್ಬಿಣದ ಸರಳು. ಗುಂಡಿ ಒತ್ತಿದರೆ ಸರಳು ಹಾರಿ ಒಂದು ಪಟ್ಟಿಗೆ ಹೊಡೆದು ಡಿಂಗ್ ಅನ್ನುತ್ತದೆ. ಬಿಟ್ಟರೆ ಸ್ಪ್ರಿಂಗ್ ವಾಪಸ್ ತಳ್ಳಿ ಇನ್ನೊಂದು ಪಟ್ಟಿಗೆ ಡಾಂಗ್. ಇಷ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ತೀರ್ಥಹಳ್ಳಿ ಕಡೆ ವೈರಿಂಗ್, ರಿಪೇರಿ ಕೆಲಸ ಮಾಡುವವನು. ನನಗೆ ಫೋನ್ ಬಂದಾಗ ಅಡಿಕೆ ಸುಗ್ಗಿ ಜೋರಾಗಿತ್ತು, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ದಿನಗಳು. ಮನೆಯವರು ಅಷ್ಟೊತ್ತಿಗೆ ತೀರ್ಮಾನಕ್ಕೆ ಬಂದುಬಿಟ್ಟಿದ್ದರು: ಸಿಡಿಲಿಗೆ ಬೆಲ್ ಹೋಯ್ತು. ಮೊದಲು ಬಂದಿದ್ದ ಇನ್ನೊಬ್ಬ ಎಲೆಕ್ಟ್ರಿಷಿಯನ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂತ ಸರಿಯಾಗಿಯೇ ಹೇಳಿದ್ದರು. ಇವೆಲ್ಲ ಈಗ ಸಿಗಲ್ಲ, ಕಿತ್ತು ಹಾಕಿ 230 ವೋಲ್ಟಿನ ಡೈರೆಕ್ಟ್ ಬೆಲ್ ಹಾಕಿಬಿಡೋಣ ಅಂತಲೂ ಹೇಳಿ ಹೋಗಿದ್ದರು. ಗುಂಡಿ, ತಂತಿ ಎರಡೂ ಹೇಗಿದ್ದರೂ ಇವೆಯಲ್ಲ, ಬೆಲ್ ಒಂದು ಬದಲಿಸಿದರೆ ಆಯ್ತು ಅನ್ನುವ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಸಿಡಿಲಿನ ಮಾತು.

ಮಲೆನಾಡಿನಲ್ಲಿ ಏನೇ ಕೆಟ್ಟರೂ ಸಿಡಿಲಿನ ಮೇಲೆ ಹಾಕುವುದು ಸುಲಭ. ಎಷ್ಟೋ ಸಲ ಅದು ನಿಜವೂ ಹೌದು. ಟಿವಿ, ಮೋಡೆಮ್, ಪಂಪಿನ ಸ್ಟಾರ್ಟರ್ ಪ್ರತಿ ವರ್ಷ ಹೋಗುತ್ತಲೇ ಇರುತ್ತವೆ. ಆದರೆ ಸಿಡಿಲಿನ ಹೊಡೆತ ಲೈನಿನಲ್ಲಿ ಬಂದರೆ ಬೆಲ್ಲಿನ ಟ್ರಾನ್ಸ್‌ಫಾರ್ಮರ್ ಒಂದನ್ನೇ ಆರಿಸಿಕೊಂಡು ಹೋಗುವುದು ಕಷ್ಟ. ಈ ಮನೆಯಲ್ಲಿ ಟಿವಿ ನಡೆಯುತ್ತಿತ್ತು, ಎಲ್‌ಇಡಿ ಬಲ್ಬು ಉರಿಯುತ್ತಿದ್ದವು, ಇನ್ವರ್ಟರ್ ಸರಿಯಾಗಿತ್ತು. ಇಂಥ ನಾಜೂಕಿನ ಸಾಮಾನೆಲ್ಲ ಉಳಿದು, ಕಬ್ಬಿಣ ತಾಮ್ರದ ಗಟ್ಟಿ ಪೆಟ್ಟಿಗೆ ಮಾತ್ರ ಸುಡುತ್ತದೆಯೇ?

ಅಜ್ಜಿಯನ್ನು ಕೇಳಿದೆ. ಹಗಲೆಲ್ಲ ನಡುಮನೆಯಲ್ಲಿ ಕೂತು ಅಡಿಕೆ ಸುಲಿಯುವವರು ಅವರೇ.

“ಬೆಲ್ ನಿಂತಿದ್ದು ಯಾವಾಗ ಅಮ್ಮಾ?”

“ಒಂದೇ ಸಲಕ್ಕೆ ನಿಂತಿದ್ದಲ್ಲ ಮಾರಾಯ. ಕಡೇ ಸಲ ಡಿಂಗ್ ಅಂತು, ಡಾಂಗ್ ಅನ್ಲೇ ಇಲ್ಲ. ಆಮೇಲೆ ಗೋಡೆ ಒಳಗೆ ಜೀರುಂಡೆ ಕೂತಂಗೆ ಜುಂಯ್ ಅಂತಾನೇ ಇತ್ತು. ಮಾರನೇ ದಿನ ಅದೂ ಇಲ್ಲ. ಬಂದವ್ರೆಲ್ಲ ಗೇಟಲ್ಲಿ ನಿಂತು ಕೂಗಕ್ಕೆ ಶುರು ಮಾಡಿದ್ರು.”

“ಸುಟ್ಟ ವಾಸನೆ ಏನಾದ್ರೂ ಬಂತಾ?”

“ಹಂಡೆಯಲ್ಲಿ ಅಡಿಕೆ ಬೇಯ್ತಿತ್ತು. ಆ ಹೊಗೆ, ಚೊಗರಿನ ವಾಸನೆ ಮಧ್ಯ ಯಾವ್ದು ಅಂತ ಗೊತ್ತಾಗತ್ತೆ?”

ಅರ್ಧ ಪ್ರಕರಣ ಅಲ್ಲೇ ಬಿಡಿಸಿತು. ಡಿಂಗ್ ಬಂದು ಡಾಂಗ್ ಬರಲಿಲ್ಲ ಅಂದರೆ ಗುಂಡಿ ಒತ್ತಿದವರು ಬಿಟ್ಟಿಲ್ಲ, ಅಥವಾ ಗುಂಡಿಯೇ ಅವರನ್ನು ಬಿಟ್ಟಿಲ್ಲ. ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇದೆ, ಸರಳು ಒಂದು ಕಡೆ ಅಂಟಿಕೊಂಡು ನಿಂತಿದೆ. ನಮ್ಮ ಸಪ್ಲೈ 50 ಹರ್ಟ್ಜ್. ಸೆಕೆಂಡಿಗೆ 100 ಸಲ ಎಳೆದು ಸಡಿಲಿಸುವುದರಿಂದ ಆ ಜುಂಯ್ ಸದ್ದು. ಟ್ರಿಣ್ ಟ್ರಿಣ್ ಅನ್ನುವ ಗಂಟೆಯ ಬೆಲ್ ಆಗಿದ್ದರೆ ನಿಲ್ಲದೆ ಬಡಿದುಕೊಂಡು ಮನೆಯವರ ತಲೆ ತಿಂದು, ಯಾರಾದರೂ ಓಡಿ ಹೋಗಿ ಗುಂಡಿ ನೋಡುತ್ತಿದ್ದರು. ಡಿಂಗ್‌ಡಾಂಗ್ ಬೆಲ್ಲಿನ ಕೆಟ್ಟ ಗುಣ ಇದು. ಗುಂಡಿ ಸಿಕ್ಕಿಕೊಂಡರೆ ಅದು ಹೆಚ್ಚುಕಮ್ಮಿ ಮೌನವಾಗಿಬಿಡುತ್ತದೆ.

ಮೀಟರ್ ಹೇಳಿದ್ದು

ಅಟ್ಟ ಹತ್ತುವ ಮೊದಲು ಒಂದು ಎಚ್ಚರಿಕೆ. ಮೇನ್ ಆಫ್ ಮಾಡಿದೆ, ಇನ್ನು ಮುಟ್ಟಬಹುದು ಅಂದುಕೊಳ್ಳುವ ಕಾಲ ಹೋಯಿತು. ಈಗ ಮಲೆನಾಡಿನ ಮನೆ ಮನೆಯಲ್ಲೂ ಇನ್ವರ್ಟರ್ ಇದೆ. ಮೇನ್ ಇಳಿಸಿದ ಕೂಡಲೇ ಅದು ಕರೆಂಟ್ ಹೋಯ್ತು ಅಂದುಕೊಂಡು ಲೈಟಿನ ಲೈನಿಗೆ ತಾನೇ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಈ ಮನೆಯಲ್ಲಿ ಬೆಲ್ ಇದ್ದಿದ್ದೂ ಅದೇ ಲೈನಿನಲ್ಲಿ. ಅದಕ್ಕೇ ಮೇನ್ ಆಫ್, ಇನ್ವರ್ಟರ್ ಆಫ್, ಕಿಟ್‌ಕ್ಯಾಟ್ ಕಿತ್ತು ಜೇಬಿಗೆ. ಆಮೇಲೆ ಮಲ್ಟಿಮೀಟರಿನಲ್ಲಿ ನೋಡಿ ಸೊನ್ನೆ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು. ಲೈಟ್ ಟೆಸ್ಟರ್ ಒಂದನ್ನೇ ನಂಬುವುದು ಬೇಡ. ಲೈಸೆನ್ಸ್ ಇರುವ ವೈರ್‌ಮ್ಯಾನ್ ಕೈಯಲ್ಲೇ ಮಾಡಿಸಿ ಅನ್ನುವುದೂ ಸುಮ್ನೆ ಹೇಳುವ ಮಾತಲ್ಲ.

ಕರೆಂಟ್ ಇದ್ದಾಗ ನೋಡಿದ್ದು ಇಷ್ಟು: ಟ್ರಾನ್ಸ್‌ಫಾರ್ಮರಿನ ಒಳಬದಿಗೆ 226 ವೋಲ್ಟ್ ಬರುತ್ತಿದೆ, ಹೊರಬದಿಯಲ್ಲಿ ಸೊನ್ನೆ. ಕರೆಂಟ್ ತೆಗೆದು ತಂತಿ ಬಿಚ್ಚಿ ಓಮ್ಸ್‌ನಲ್ಲಿ ನೋಡಿದರೆ 230ರ ಬದಿಯ ತಂತಿಯ ಸುತ್ತು ಪೂರ್ತಿ ಓಪನ್, ಅಂದರೆ ಒಳಗೆಲ್ಲೋ ತುಂಡಾಗಿದೆ. ಇಂಥ ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಅಲ್ಲಿ ಕೆಲವು ನೂರು ಓಮ್ಸ್ ತೋರಿಸಬೇಕು. ಕಡಿಮೆ ವೋಲ್ಟಿನ ಸುತ್ತು ಚೆನ್ನಾಗೇ ಇತ್ತು. ಅಲ್ಲಿಗೆ ಟ್ರಾನ್ಸ್‌ಫಾರ್ಮರ್ ಸತ್ತಿದೆ ಅನ್ನುವುದು ಖಚಿತ.

ಇಲ್ಲಿಗೇ ನಿಲ್ಲಿಸಿ ಹೊಸದು ತರಲು ಹೋಗುವವರೇ ಜಾಸ್ತಿ. ಬಿಚ್ಚಿದ ಎರಡು ತಂತಿಗಳ ತುದಿಗೆ ಮೀಟರ್ ಹಿಡಿಯುವುದು ಒಂದು ನಿಮಿಷದ ಕೆಲಸ. ಈ ತಂತಿ ಬೆಲ್ಲಿಗೆ ಹೋಗಿ, ಅಲ್ಲಿಂದ ಗೇಟಿಗೆ ಹೋಗಿ, ಗುಂಡಿ ದಾಟಿ ವಾಪಸ್ ಬರುತ್ತದೆ. ಗೇಟಿನಲ್ಲಿ ಯಾರೂ ಇಲ್ಲದಾಗ ಗುಂಡಿ ತೆರೆದಿರಬೇಕು, ಮೀಟರ್ ಓಪನ್ ತೋರಿಸಬೇಕು. ಅದು 7.2 ಓಮ್ಸ್ ತೋರಿಸಿತು. ಜಗಲಿಯಿಂದ ನೋಡಿದರೆ ಗೇಟಿನಲ್ಲಿ ನಾಯಿ ಬಿಟ್ಟು ಯಾರೂ ಇಲ್ಲ.

ಗುಂಡಿಯ ಮುಚ್ಚಳ ಬಿಚ್ಚಿದರೆ ಕಾರಣ ಕಣ್ಣಿಗೇ ಕಂಡಿತು. ಮಣ್ಣಿನ ಗೂಡು ಕಟ್ಟುವ ಕಡಜ ಮುಚ್ಚಳದ ಸಂದಿಯಲ್ಲಿ ಮನೆ ಮಾಡಿತ್ತು. ಕೆಂಪು ಮಣ್ಣು ಗುಂಡಿಯ ಸುತ್ತ ಒಣಗಿ ಗಟ್ಟಿಯಾಗಿದೆ. ಉಗುರಿನಿಂದ ಕೆರೆದರೆ ಗೂಡಿನೊಳಗೆ ಮರಿಗೆ ಅಂತ ತುಂಬಿಸಿಟ್ಟ ಸಣ್ಣ ಸಣ್ಣ ಜೇಡಗಳು. ಗುಂಡಿಯ ಹಿಂದಿನ ಎರಡು ಹಿತ್ತಾಳೆ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದು ಮೇಲಿನ ಪಟ್ಟಿಯ ಪುಟಿಯುವ ಗುಣ ಹೊರಟುಹೋಗಿತ್ತು. ಅಡಿಕೆ ಸುಲಿಯಲು ಬಂದ ಯಾರೋ ಜೋರಾಗಿ ಒತ್ತಿದ್ದಾರೆ. ಒಳಗೆ ಹೋದ ಗುಂಡಿಗೆ ವಾಪಸ್ ಬರಲು ಜಾಗವೂ ಇಲ್ಲ, ತಳ್ಳುವ ಶಕ್ತಿಯೂ ಇಲ್ಲ.

ಲೆಕ್ಕ ಹಾಕಿದರೆ ಉಳಿದಿದ್ದೂ ಸರಿಹೊಂದಿತು. ಬೆಲ್ಲಿನ ಮೇಲೆ 8 ವೋಲ್ಟ್, 1 ಆಂಪ್ ಅಂತ ಇದೆ. ಟ್ರಾನ್ಸ್‌ಫಾರ್ಮರ್ ಹಳೇ ಮಾದರಿಯದು, 4-8-12 ವೋಲ್ಟ್, 1 ಆಂಪ್. ಮೂರೇ ಸ್ಕ್ರೂ, ಆದರೆ ಮೂರು ವೋಲ್ಟೇಜ್. ಒಂದನೇ ಎರಡನೇ ಸ್ಕ್ರೂ ನಡುವೆ 4, ಎರಡನೇ ಮೂರನೇದರ ನಡುವೆ 8, ಎರಡು ತುದಿಗಳ ನಡುವೆ 12. ಜಾಣ ಕೆಲಸ. ಬೆಲ್ ಹಾಕಿದ್ದು 12ರಲ್ಲಿ. ಹಿಂದಿನವರು ಹೀಗೆ ಮಾಡಿದ್ದಕ್ಕೂ ಕಾರಣ ಇದೆ. ಗೇಟಿಗೆ ಹೋಗಿ ಬರುವ ತಂತಿ ಒಟ್ಟು 70 ಮೀಟರ್, ಅದು ಅರ್ಧ ಸ್ಕ್ವೇರ್ ಎಂಎಂನ ಬೆಲ್ ವೈರ್. ಅಷ್ಟು ತೆಳು ತಾಮ್ರ 70 ಮೀಟರಿಗೆ ಸುಮಾರು 2.4 ಓಮ್ಸ್ ಆಗುತ್ತದೆ. 8 ವೋಲ್ಟ್ ಕೊಟ್ಟರೆ ಬೆಲ್ಲಿಗೆ ಮುಟ್ಟುವುದು ಆರೂವರೆ. ಸರಳು ಹಾರುತ್ತದೆ, ಆದರೆ ಪಟ್ಟಿಗೆ ಸರಿಯಾಗಿ ಹೊಡೆಯಲ್ಲ. 12 ಕೊಟ್ಟಾಗ ಬೆಲ್ ಗಟ್ಟಿಯಾಗಿ ಬಾರಿಸಿದೆ, ಎಳೆದ ಕರೆಂಟ್ ಮಾತ್ರ ಸುಮಾರು 1.2 ಆಂಪ್.

ಒಂದು ಸೆಕೆಂಡಿನ ಕೆಲಸಕ್ಕೆ 1.2 ಏನೂ ಅಲ್ಲ. ಬೆಲ್ಲಿನ ಟ್ರಾನ್ಸ್‌ಫಾರ್ಮರ್‌ಗಳನ್ನು ಮಾಡುವುದೇ ಆಗೊಮ್ಮೆ ಈಗೊಮ್ಮೆ ಒತ್ತುವ ಲೆಕ್ಕದಲ್ಲಿ. ಇಡೀ ರಾತ್ರಿ ಹರಿದರೆ ಒಳಗಿನ ವಾರ್ನಿಷ್, ಕಾಗದ ಬೆಂದು ಕರಿಯಾಗಿ, ಸುತ್ತಿಗೆ ಸುತ್ತು ಮುಟ್ಟಿ, ಕೊನೆಗೆ ಎಲ್ಲೋ ಒಂದು ಕಡೆ ತಂತಿ ಕರಗಿ ತುಂಡಾಗುತ್ತದೆ. ಬಿಚ್ಚಿ ನೋಡಿದಾಗ ಹಾಗೇ ಇತ್ತು. ಸಿಡಿಲಾಗಿದ್ದರೆ ಒಂದು ಕಡೆ ಸಿಡಿದ ಗುರುತು, ಮಸಿ ಇರುತ್ತಿತ್ತು. ಇಲ್ಲಿ ಕಾಗದ ಎಲ್ಲಾ ಕಡೆ ಒಂದೇ ಸಮ ಕಂದಾಗಿತ್ತು. ನಿಧಾನವಾಗಿ ಬೆಂದಿದ್ದು.

ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಮನೆಯ ಯಜಮಾನರು ಕೇಳಿದರು. ಒಳ್ಳೆಯ ಪ್ರಶ್ನೆ. ಕಿಟ್‌ಕ್ಯಾಟಿನಲ್ಲಿ ಇದ್ದಿದ್ದು 5 ಆಂಪಿನ ತಂತಿ. ಈ ಟ್ರಾನ್ಸ್‌ಫಾರ್ಮರ್ ಅಷ್ಟು ಬೇಯುವಾಗಲೂ 230ರ ಕಡೆಯಿಂದ ಎಳೆಯುತ್ತಿದ್ದಿದ್ದು ಒಂದು ಆಂಪಿನ ಹತ್ತನೇ ಒಂದು ಭಾಗದ ಆಸುಪಾಸು. ಫ್ಯೂಸಿಗೆ ಅದು ಒಂದು ಸಣ್ಣ ಬಲ್ಬು ಉರಿದ ಹಾಗೆ ಕಾಣುತ್ತದೆ. ಅಟ್ಟದ ಮೇಲೆ ಆ ಹಲಗೆಯ ಪಕ್ಕದಲ್ಲೇ ಖಾಲಿ ಗೋಣಿಚೀಲಗಳ ರಾಶಿ ಇತ್ತು. ಸುತ್ತು ತುಂಡಾಗಿ ತಾನೇ ತಣ್ಣಗಾಗಿದ್ದು ಅವರ ಪುಣ್ಯ.

ಏನು ಹಾಕುವುದು?

ಡೈರೆಕ್ಟ್ ಬೆಲ್ ಪೇಟೆಯಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಟ್ರಾನ್ಸ್‌ಫಾರ್ಮರ್ ಬೇಡ. ಬಾಗಿಲ ಪಕ್ಕ, ಮಳೆ ಬೀಳದ ಕಡೆ ಗುಂಡಿ ಇರುವ ಮನೆಗೆ ನಾನೂ ಅದನ್ನೇ ಹಾಕುತ್ತೇನೆ. ಇಲ್ಲಿ ಆಗಲ್ಲ. ಆಗುಂಬೆ ಸೀಮೆಯ ಮಳೆ, ಜೂನ್‌ನಿಂದ ನೀರು ಕುಡಿದು ನಿಂತ ಜಂಬಿಟ್ಟಿಗೆ ಕಂಬ, ಕಿಲುಬು ಹಿಡಿದ ಗುಂಡಿ. ಅದರೊಳಗೆ 230 ವೋಲ್ಟ್ ತಂದರೆ ಬರಿಗಾಲಲ್ಲಿ ಬಂದು ಬೆರಳಿಡುವ ಕೆಲಸದ ಹೆಂಗಸಿನ ಗತಿ ಏನು? ತೋಟದ ಅಂಚಿನಲ್ಲಿ ಎಳೆದಿರುವ ತೆಳು ಬೆಲ್ ವೈರ್ ಅಂತೂ ಆ ವೋಲ್ಟೇಜಿಗೆ ಮಾಡಿದ್ದೇ ಅಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟಿರುವುದೇ ಗೇಟಿನವರೆಗೆ ಹೋಗುವ ಕರೆಂಟು ಯಾರನ್ನೂ ಕೊಲ್ಲಬಾರದು ಅಂತ.

ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ವೈಫೈ ರೂಟರಿನ ಹಳೇ 12 ವೋಲ್ಟ್ ಅಡಾಪ್ಟರ್ ಇದೆ, ಸಾಕಲ್ವಾ ಅಂದ. ಅದು ಕೊಡುವುದು ಡಿ.ಸಿ. ಬೆಲ್ ಕಾಯಿಲಿಗೆ ಎ.ಸಿ.ಯಲ್ಲಿ ಸುಮಾರು 8 ಓಮ್ಸ್ ತಡೆ ಇದೆ, ಡಿ.ಸಿ.ಯಲ್ಲಿ ಬರೀ ನಾಲ್ಕೂವರೆ. ಅಷ್ಟೇ ವೋಲ್ಟಿಗೆ ಕರೆಂಟ್ ಜಾಸ್ತಿ ಎಳೆಯುತ್ತದೆ. 1 ಆಂಪಿನ ಅಡಾಪ್ಟರ್ ಹೊರೆ ತಡೆಯದೆ ತನ್ನನ್ನೇ ಆಫ್ ಮಾಡಿಕೊಳ್ಳುತ್ತದೆ. ಬ್ಯಾಟರಿ ಹಾಕುವ ವೈರ್‌ಲೆಸ್ ಬೆಲ್ ಬಗ್ಗೆಯೂ ಮಾತು ಬಂತು. ದಪ್ಪ ಜಂಬಿಟ್ಟಿಗೆ ಗೋಡೆ, ದೂರ, ಮೇಲಿಂದ ಮಂಗಗಳ ಕಾಟ. ಅದನ್ನು ಅಜ್ಜಿಯೇ ತಳ್ಳಿಹಾಕಿದರು.

ಸುಟ್ಟಿದ್ದನ್ನೇ ಮತ್ತೆ ಸುತ್ತಿಸಬಹುದಾ? ತೋಟದ ಪಂಪುಗಳ ದೆಸೆಯಿಂದ ನಮ್ಮ ಕಡೆ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಆದರೆ 50 ಹರ್ಟ್ಜಿಗೆ ಕೋರ್, ಅಂದರೆ ಸುತ್ತಿನೊಳಗಿನ ಕಬ್ಬಿಣ, ಒಂದು ಚದರ ಸೆಂಟಿಮೀಟರ್ ಇದ್ದರೆ ವೋಲ್ಟಿಗೆ ಸುಮಾರು 45 ಸುತ್ತು ಬೇಕು, ದಪ್ಪ ಇದ್ದಷ್ಟೂ ಸುತ್ತು ಕಡಿಮೆ. ಈ ಕೋರ್ 4 ಚದರ ಸೆಂಟಿಮೀಟರ್, ಅಂದರೆ ವೋಲ್ಟಿಗೆ 11 ಚಿಲ್ಲರೆ ಸುತ್ತು. 230ಕ್ಕೆ ಎರಡೂವರೆ ಸಾವಿರಕ್ಕೂ ಮೇಲೆ. ಅಷ್ಟು ತೆಳು ತಂತಿಯನ್ನು ಕೂತು ಸುತ್ತುವ ಕೂಲಿಯಲ್ಲಿ ಹೊಸದೇ ಬರುತ್ತದೆ. ವೈಂಡಿಂಗಿನವರೂ ಅದನ್ನೇ ಹೇಳಿ ನಕ್ಕರು.

ಕೊನೆಗೆ ತಂದಿದ್ದು ಶಿವಮೊಗ್ಗದಿಂದ, ರೇಡಿಯೋ ಟಿವಿ ಬಿಡಿಭಾಗ ಮಾರುವ ಅಂಗಡಿಯಿಂದ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬೆಲ್ ಟ್ರಾನ್ಸ್‌ಫಾರ್ಮರ್ ಕೇಳಿದರೆ ಇಲ್ಲ ಅನ್ನುತ್ತಾರೆ. ಇದೇ ಅಂಗಡಿಗಳಲ್ಲಿ ಆಂಪ್ಲಿಫೈಯರ್ ಕಟ್ಟುವವರಿಗೆ ಅಂತ 6-0-6, 9-0-9, 12-0-12 ಟ್ರಾನ್ಸ್‌ಫಾರ್ಮರ್ ಸಾಲಾಗಿ ಇಟ್ಟಿರುತ್ತಾರೆ. ಕೆಲಸ ಒಂದೇ, ಹೆಸರು ಬೇರೆ. ನಾನು ಆರಿಸಿದ್ದು 9-0-9, 1 ಆಂಪ್. ನಡುವಿನ ತಂತಿ ಮತ್ತು ಒಂದು ತುದಿ ತೆಗೆದುಕೊಂಡರೆ 9 ವೋಲ್ಟ್. ಇನ್ನೊಂದು ಅರ್ಧ ಸುತ್ತು ಸುಮ್ನೆ ಇರುತ್ತದೆ. ಒಟ್ಟು 18 ವಿಎ (ವೋಲ್ಟ್ ಗುಣಿಸು ಆಂಪ್) ತಡೆಯುವ ಕೋರಿಗೆ ಅರ್ಧ ಹೊರೆ ಮಾತ್ರ ಬೀಳುವುದರಿಂದ ಗುಂಡಿ ಮತ್ತೆ ಸಿಕ್ಕಿಕೊಂಡರೂ ಇದು ಹಿಂದಿನದರ ಹಾಗೆ ಬೇಯಲ್ಲ. 6 ವೋಲ್ಟಿನದು ಸಾಲಲ್ಲ. ಸಂಜೆ ಹೊತ್ತು ಲೈನ್ 190ಕ್ಕೆ ಇಳಿದರೆ 9 ಅನ್ನುವುದೇ ಏಳೂವರೆ ಆಗಿಬಿಡುತ್ತದೆ, ಇನ್ನು 6ರ ಪಾಡೇನು.

ಹಾಕಿದ್ದು ಹೀಗೆ

ಹಳೇ ತಂತಿಯ ಮೇಲಿನ ರಬ್ಬರ್ ಬಗ್ಗಿಸಿದರೆ ಪುಡಿಯಾಗುತ್ತಿತ್ತು. ಅದನ್ನು ಬಿಟ್ಟು ಗೇಟಿನವರೆಗೆ 1 ಸ್ಕ್ವೇರ್ ಎಂಎಂ ಎರಡು ಕೋರಿನ ಕೇಬಲ್ ಪೈಪಿನಲ್ಲಿ ಎಳೆದೆವು. ದಪ್ಪ ಎರಡರಷ್ಟಾದ್ದರಿಂದ ತಡೆ 1.2 ಓಮ್ಸ್‌ಗೆ ಇಳಿಯಿತು. ಈಗ 9 ವೋಲ್ಟ್ ಕೊಟ್ಟರೆ ಬೆಲ್ಲಿಗೆ 8ರ ಸುತ್ತಮುತ್ತ ಮುಟ್ಟುತ್ತದೆ, ಅದಕ್ಕೆ ಬೇಕಾಗಿದ್ದು ಅಷ್ಟೇ. ಇಡೀ ಕೆಲಸದಲ್ಲಿ ಹೆಚ್ಚು ದುಡ್ಡು ಹೋಗಿದ್ದು ಈ ಕೇಬಲ್ಲಿಗೆ. ಟ್ರಾನ್ಸ್‌ಫಾರ್ಮರ್ ಇನ್ನೂರು ರೂಪಾಯಿಯ ಆಸುಪಾಸು.

ಅಂಗಡಿಯಿಂದ ತಂದ ಟ್ರಾನ್ಸ್‌ಫಾರ್ಮರಿಗೆ ಮೈಮೇಲೆ ಹೊದಿಕೆ ಇರಲ್ಲ, ತುದಿಗಳು ಬಯಲಿನಲ್ಲೇ ಇರುತ್ತವೆ. ಹಾಗಾಗಿ ಗಾಳಿ ಕಿಂಡಿ ಇರುವ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಅಟ್ಟದಿಂದ ಕೆಳಗಿಳಿಸಿ, ಮೀಟರ್ ಬೋರ್ಡಿನ ಪಕ್ಕ ಗೋಡೆಗೆ ಹಾಕಿದೆ. ಹಾಕುವ ಮೊದಲು ವೈಂಡಿಂಗ್ ಅಂಗಡಿಯ 500 ವೋಲ್ಟ್ ಮೆಗ್ಗರಿನಲ್ಲಿ ಎರಡು ಸುತ್ತುಗಳ ನಡುವೆ, ಸುತ್ತು ಮತ್ತು ಕೋರಿನ ನಡುವೆ ಸೋರಿಕೆ ಇಲ್ಲ ಅಂತ ನೋಡಿಸಿದ್ದೆ. ಹಳೇ ವೈರಿಂಗಿನಲ್ಲಿ ಬೆಲ್ಲಿನ ಕಡೆ ಅರ್ಥ್ ತಂತಿಯೇ ಇರಲಿಲ್ಲ. ಮೀಟರ್ ಬೋರ್ಡಿನಿಂದ ಹೊಸದಾಗಿ ಎಳೆದು ಕೋರಿಗೂ ಪೆಟ್ಟಿಗೆಗೂ ಕೊಟ್ಟಿದ್ದಾಯಿತು. ಉಪಯೋಗಿಸದ ಇನ್ನೊಂದು 9 ವೋಲ್ಟಿನ ತುದಿಗೆ ಬೇರೆಯಾಗಿ ಸ್ಲೀವ್ ಹಾಕಿ ಕಟ್ಟಿದೆ. ಅದು ನಡುವಿನ ತಂತಿಗೆ ತಾಗಿದರೆ ಅರ್ಧ ಸುತ್ತು ಶಾರ್ಟ್ ಆಗುತ್ತದೆ.

ಎರಡು ಗಾಜಿನ ಫ್ಯೂಸ್ ಸೇರಿಸಿದೆ. 230ರ ಕಡೆ 250 ಮಿಲಿಆಂಪ್, 9ರ ಕಡೆ 2 ಆಂಪ್. ಎರಡನೆಯದು ತೋಟದಲ್ಲಿ ಯಾರಾದರೂ ಗುದ್ದಲಿ ಹಾಕಿ ಕೇಬಲ್ ಶಾರ್ಟ್ ಆದರೆ ಕಾಯಲು. ಆದರೆ ಗುಂಡಿ ಸಿಕ್ಕಿಕೊಂಡರೆ ಎರಡರಲ್ಲಿ ಯಾವುದೂ ಹೋಗಲ್ಲ. ಹರಿಯುವುದು ಮಾಮೂಲಿ 1 ಆಂಪ್ ತಾನೇ.

ಟ್ರಾನ್ಸ್‌ಫಾರ್ಮರ್ ಹಗಲು ರಾತ್ರಿ ಲೈನಿನಲ್ಲೇ ಇದ್ದರೆ ಬಿಲ್ ಬರಲ್ವಾ ಅಂತ ಯಜಮಾನರ ಇನ್ನೊಂದು ಪ್ರಶ್ನೆ. ಸುಮ್ನೆ ಕೂತಾಗ 2 ವ್ಯಾಟ್ ತಿನ್ನುತ್ತದೆ ಅಂದುಕೊಂಡರೆ ವರ್ಷಕ್ಕೆ 17-18 ಯೂನಿಟ್. ಅದರ ಬದಲಿಗೆ ಸದಾ ಸ್ವಲ್ಪ ಬೆಚ್ಚಗಿರುತ್ತದೆ. ಗೋಡೆಯೇ ಬೆವರುವ ನಮ್ಮ ಆಷಾಢದಲ್ಲಿ ಅದು ಒಳ್ಳೆಯದೇ. ಇನ್ವರ್ಟರ್ ಮೇಲೆ ನಡೆಯುವಾಗ ಪೆಟ್ಟಿಗೆ ಸ್ವಲ್ಪ ಗುಂಯ್‌ಗುಡುತ್ತದೆ. ಅವರದು ಸೈನ್‌ವೇವ್ ಅಲ್ಲದ ಹಳೇ ಇನ್ವರ್ಟರ್, ಅದರಿಂದ ಬರುವ ಸದ್ದು, ಹೆದರಬೇಕಾಗಿಲ್ಲ ಅಂತ ಅಜ್ಜಿಗೆ ಮೊದಲೇ ಹೇಳಿಟ್ಟೆ.

ಉಳಿದಿದ್ದು ಗುಂಡಿ. ರಬ್ಬರ್ ಮುಚ್ಚಳ ಇರುವ, ನೀರು ಇಳಿಯದ ಗುಂಡಿ ಹಾಕಿ, ಕೇಬಲ್ ಒಳಗೆ ಬರುವ ತೂತಿಗೆ ಎಂ-ಸೀಲ್ ತುಂಬಿ, ಮೇಲೊಂದು ಕಲ್ಲಿನ ಚಪ್ಪಡಿಯ ಮಾಡು ಮಾಡಿದೆವು. ಮೊಮ್ಮಗನಿಗೆ ಕತ್ತಲಲ್ಲಿ ಕಾಣುವ ಲೈಟಿನ ಗುಂಡಿ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಲೈಟಿನ ಗುಂಡಿಯೊಳಗೆ ಸಾಮಾನ್ಯವಾಗಿ ಇರುವುದು ನಿಯಾನ್. ಅದು ಹೊತ್ತಿಕೊಳ್ಳಲು 60 ವೋಲ್ಟಿಗಿಂತ ಜಾಸ್ತಿ ಬೇಕು, 9ರಲ್ಲಿ ಉರಿಯಲ್ಲ. ಅದರ ಬದಲು ಗುಂಡಿಯ ಎರಡು ತುದಿಗೆ ಒಂದು ಕೆಂಪು ಎಲ್‌ಇಡಿ, ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್, ಎಲ್‌ಇಡಿಗೆ ಉಲ್ಟಾ ಒಂದು ಡಯೋಡ್ ಹಾಕಿಕೊಟ್ಟೆ. ಕೆಲವೇ ಮಿಲಿಆಂಪ್ ಹರಿಯುವುದರಿಂದ ಬೆಲ್ಲಿನ ಸರಳು ಅಲುಗುವುದಿಲ್ಲ. ಗುಂಡಿ ಒತ್ತಿದಾಗ ಎಲ್‌ಇಡಿಯ ಎರಡು ತುದಿಯೂ ಕೂಡಿಹೋಗಿ ಅದು ಆರುತ್ತದೆ, ಬಿಟ್ಟಾಗ ಹೊತ್ತುತ್ತದೆ. ಹಾಗಾಗಿ ಮನೆಯಲ್ಲಿ ಕರೆಂಟ್ ಇದ್ದೂ ಗೇಟಿನ ಕೆಂಪು ದೀಪ ಕಾಣದಿದ್ದರೆ ಮೊದಲು ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಗುಂಡಿ ನೋಡಿ ಅಂತ ಬೋರ್ಡಿನ ಮೇಲೆ ಬರೆದು ಅಂಟಿಸಿದ್ದೇನೆ.